ಜಾಲಿಪಾಳ್ಯ ಗೇಟಿನ ಏಳೂ ನಲವತ್ತರ ಬಸ್ಸು

ಜಾಲಿಪಾಳ್ಯ ಗೇಟಿನಲ್ಲಿ ಬಸ್ಸು ನಿಲ್ಲಬೇಕಾದರೆ ಒಬ್ಬ ಗಂಡಸು ಬೇಕು. ಇದು ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲ, ಆದರೆ ಊರಿನ ಮೂರು ವರ್ಷದ ಕೂಸಿಗೂ ಗೊತ್ತು. ಗೇಟು ಎಂದರೆ ಬಾಗಿಲೆಂದುಕೊಳ್ಳಬೇಡಿ. ಶಿರಾದಿಂದ ಮಧುಗಿರಿಗೆ ಹೋಗುವ ರಸ್ತೆಯಲ್ಲಿ, ಬಡವನಹಳ್ಳಿಗೆ ಇನ್ನೂ ನಾಲ್ಕು ಕಿಲೋಮೀಟರು ಇದೆ ಎನ್ನುವಾಗ, ಎಡಕ್ಕೊಂದು ಮಣ್ಣುದಾರಿ ಒಡೆಯುತ್ತದೆ. ಊರಿನ ದಾರಿ ಹೀಗೆ ದೊಡ್ಡ ರಸ್ತೆಗೆ ಬಂದು ಸೇರುವ ಜಾಗಕ್ಕೆ ನಮ್ಮ ಕಡೆ ಗೇಟು ಅನ್ನುತ್ತಾರೆ. ಅಲ್ಲೊಂದು ಹುಣಸೆ ಮರ, ಅದರ ಬುಡದಲ್ಲೊಂದು ಕಲ್ಲುಚಪ್ಪಡಿ ಇವೆ. ತಂಗುದಾಣ ಕಟ್ಟಿಸುತ್ತೇವೆಂದು ಎರಡು ಚುನಾವಣೆಯಲ್ಲಿ ಮಾತು ಕೊಟ್ಟವರಿದ್ದಾರೆ. ಮಾತು ಇನ್ನೂ ಗಟ್ಟಿಮುಟ್ಟಾಗಿದೆ.

ಬೆಳಗಿನ ಏಳೂ ನಲವತ್ತರ ಬಸ್ಸು ಮೊದಲು ಹೀಗೆ ಕಾಡುತ್ತಿರಲಿಲ್ಲ. ಗೇಟು ಅದರ ನಿಲುಗಡೆಯ ಪಟ್ಟಿಯಲ್ಲಿ ಯಾವತ್ತೂ ಇರಲಿಲ್ಲ, ಯಾರಾದರೂ ಕೈ ತೋರಿಸಿದರೆ ಹೆಚ್ಚಿನ ದಿನ ನಿಲ್ಲಿಸುತ್ತಿದ್ದರು ಅಷ್ಟೆ. ಹೆಂಗಸರಿಗೆ ಟಿಕೆಟ್ಟು ಬೇಡ ಎಂದಾದ ಮೇಲೆ ಬಸ್ಸು ಶಿರಾ ಬಿಡುವಾಗಲೇ ಬಾಗಿಲ ತನಕ ತುಂಬತೊಡಗಿತು. ರಸ್ತೆಬದಿಯಲ್ಲಿ ಹತ್ತು ಹೆಂಗಸರು ನಿಂತು ಕೈ ಬೀಸಿದರೆ ಡ್ರೈವರನಿಗೆ ಆ ಹೊತ್ತಿಗೇ ಆಕಾಶದಲ್ಲಿ ಏನೋ ಕಾಣಿಸುತ್ತಿತ್ತು. ಅದೇ ಒಬ್ಬ ಗಂಡಸು ಪಂಚೆ ಎತ್ತಿ ಕಟ್ಟಿ ಕೈ ಅಡ್ಡ ಹಾಕಿದನೋ, ಬ್ರೇಕು ಬೀಳುತ್ತಿತ್ತು. ಆ ಬಸ್ಸು ತಪ್ಪಿದರೆ ಮುಂದಿನದು ಒಂಬತ್ತೂವರೆಗೆ. ಅಷ್ಟರಲ್ಲಿ ಮಧುಗಿರಿಯ ಗಾರ್ಮೆಂಟ್ಸಿನಲ್ಲಿ ಹಾಜರಿ ಮುಗಿದಿರುತ್ತದೆ, ಕಾಲೇಜಿನಲ್ಲಿ ಮೊದಲ ಪೀರಿಯಡ್ಡು ಮುಗಿದಿರುತ್ತದೆ, ಬುಟ್ಟಿಯಲ್ಲಿ ಸೊಪ್ಪು ಬಾಡಿರುತ್ತದೆ.

ಹಾಗಾಗಿ ಊರ ಹೆಂಗಸರು ಕೂತು ಯೋಚಿಸಿ ಒಬ್ಬ ಗಂಡಸನ್ನು ಗೊತ್ತುಮಾಡಿದರು. ಅವನೇ ಅಡವಯ್ಯ. ಎಪ್ಪತ್ತರ ಹತ್ತಿರದ ಮುದುಕ, ಮೂಳೆ ಚರ್ಮ ಬಿಟ್ಟರೆ ಮೈಮೇಲಿರುವುದು ಮೀಸೆಯೊಂದೇ. ವಯಸ್ಸಿನಲ್ಲಿದ್ದಾಗ ಊರ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯಾಗಿದ್ದವನು. ಎಲ್ಲರೂ ಬೋರ್‌ವೆಲ್ ಕೊರೆಸಿಕೊಂಡ ಮೇಲೆ ಅವನನ್ನು ಕೇಳುವವರಿರಲಿಲ್ಲ. ಈಗ ದಿನಾ ಏಳೂವರೆಗೆ ತೊಳೆದ ಅಂಗಿ ತೊಟ್ಟು, ಟವಲು ಹೆಗಲಿಗೆ ಹಾಕಿ, ದೂರದೂರಿಗೆ ಹೊರಟವನ ಗತ್ತಿನಲ್ಲಿ ಗೇಟಿಗೆ ಬರುತ್ತಿದ್ದ. ಬಸ್ಸು ಕಂಡೊಡನೆ ರಸ್ತೆಗೆ ಒಂದು ಹೆಜ್ಜೆ ಇಟ್ಟು ಕೈ ಅಡ್ಡ ಹಾಕುತ್ತಿದ್ದ. ಬಸ್ಸು ನಿಲ್ಲುತ್ತಿತ್ತು. ಹೆಂಗಸರೆಲ್ಲ ಹತ್ತುವವರೆಗೆ ಬಾಗಿಲ ಕಂಬಿ ಹಿಡಿದು ನಿಂತಿದ್ದು, ಕೊನೆಗೆ ತನ್ನ ಸರದಿ ಬಂದಾಗ ಹಣೆ ಚಚ್ಚಿಕೊಳ್ಳುತ್ತಿದ್ದ.

"ಅಯ್ಯೋ, ಕನ್ನಡ್ಕ ಮನೇಲೇ ಬುಟ್ಬುಟ್ಟೆ! ನೀವು ನಡೀರಪ್ಪ!"

ಒಂದು ದಿನ ಕನ್ನಡಕ, ಒಂದು ದಿನ ಕಟ್ಟದೆ ಬಂದ ಎಮ್ಮೆ. ಇನ್ನೊಂದು ದಿನ ಏನೂ ಹೊಳೆಯದೆ, "ಇವತ್ತು ಅಮಾಸೆ ಕಣಪ್ಪ, ಪಯಣ ಕೂಡ್ದು," ಎಂದಿದ್ದ. ಅವತ್ತು ಅಮಾವಾಸ್ಯೆ ಆಗಿರಲಿಲ್ಲ. ಬಸ್ಸಿನವರು ತಲೆ ಕೆಡಿಸಿಕೊಳ್ಳಲಿಲ್ಲ. ಹೀಗೆ ಒಂದೂವರೆ ವರ್ಷ ನಡೆಯಿತು.

ಆ ಹತ್ತು ಹೆಂಗಸರಲ್ಲಿ ಜಮೀಲಾ ಒಬ್ಬಳು. ಹದಿನೇಳು ವರ್ಷದಿಂದ ಮಧುಗಿರಿಯ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುವವಳು. ಗಂಡ ಕರೀಮ್ ಸಾಬ್ ಸಂತೆಯಿಂದ ಸಂತೆಗೆ ಮೊಪೆಡ್ಡಿನಲ್ಲಿ ಸುತ್ತಿ ಬೀಗ ರಿಪೇರಿ ಮಾಡುತ್ತಾನೆ. ಬೆಳಕು ಹರಿಯುವ ಮೊದಲೇ ಹೊರಟುಬಿಡುವುದರಿಂದ ಗೇಟಿನಲ್ಲಿ ನಿಲ್ಲಲು ಅವನು ಸಿಗುವವನಲ್ಲ. ಮಗಳು ಸುಮಯ್ಯ. ಡಿಗ್ರಿ ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತವಳಿಗೆ ಮಧುಗಿರಿಯಲ್ಲೊಂದು ಫೆಲೋಶಿಪ್ಪು ಸಿಕ್ಕಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಿಂದ ಮೂರು ಮೂರು ಜನರನ್ನು ಆರಿಸಿ, ಫೋನಿನಲ್ಲೇ ವಿಡಿಯೊ ತೆಗೆಯುವುದು, ಜನರನ್ನು ಮಾತಾಡಿಸುವುದು, ತಮ್ಮೂರ ಸುದ್ದಿಯನ್ನು ತಾವೇ ಹೇಳುವುದು ಕಲಿಸುತ್ತಿದ್ದರು. ಆರು ತಿಂಗಳ ಕಲಿಕೆ. ಕೊನೆಗೆ ಒಬ್ಬೊಬ್ಬರೂ ಎಂಟು ನಿಮಿಷದ ಒಂದು ಚಿತ್ರ ಮಾಡಬೇಕು.

ತರಗತಿ ನಡೆಯುತ್ತಿದ್ದುದು ಬೆಟ್ಟದ ಬುಡದ ಹಳೆಯ ಕಲ್ಯಾಣಮಂಟಪವೊಂದರ ಊಟದ ಮನೆಯಲ್ಲಿ. ಗೋಡೆಗೆ ಸಾರಿನ ವಾಸನೆ ಹತ್ತಿಕೊಂಡಿತ್ತು. ಕಲಿಸುವವರು ಯಶೋಧರಾ ಮೇಡಂ. ಪತ್ರಿಕೆಯಲ್ಲಿ ಇಪ್ಪತ್ತು ವರ್ಷ ದುಡಿದ, ಗದರಿದರೂ ಹೊಗಳಿದರೂ ಒಂದೇ ದನಿಯಲ್ಲಿ ಮಾತಾಡುವ ಹೆಂಗಸು. ಯಾರ ಕಥೆ ಏನೆಂದು ಅವರು ಕೇಳಿದಾಗ ಪಾವಗಡದವರು ಕುಡಿಯುವ ನೀರೆಂದರು. ಕೊರಟಗೆರೆಯ ಅಂಬರೀಶ್ ಚಿರತೆ ಎಂದ. ಚಿರತೆ ಸಿಗದಿದ್ದರೆ ಅದರ ಹೆಜ್ಜೆಯನ್ನಾದರೂ ತೆಗೆಯುತ್ತೇನೆಂದ. ಸುಮಯ್ಯ ಎದ್ದು ನಿಂತು, "ನಮ್ಮೂರಲ್ಲಿ ಬಸ್ಸು ನಿಲ್ಸೋಕೆ ಒಬ್ಬ ತಾತ ಇದ್ದಾರೆ," ಎಂದು ಕನ್ನಡಕದ ಕಥೆ ಹೇಳಿದಳು. ಇಡೀ ಊಟದ ಮನೆ ನಕ್ಕಿತು. ಮೇಡಂ ಕೂಡ ನಕ್ಕು, "ಇದನ್ನೇ ಮಾಡು," ಎಂದರು.

ಮೇಡಂ ಹಾಕಿದ ಕಟ್ಟಳೆಗಳು ಎರಡೇ. ಯಾರಾದರೂ ಮುಖ ಬೇಡ ಎಂದರೆ ಮುಖ ತೋರಿಸಬಾರದು. ಯಾರ ಮೇಲಾದರೂ ದೂರಿದ್ದರೆ ಅವರ ಮಾತನ್ನೂ ಕೇಳದೆ ಚಿತ್ರ ಮುಗಿಸಬಾರದು. ಸುಮಯ್ಯ ಎರಡನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಳು. ಓದಿನಲ್ಲಿ ಮುಂದಿದ್ದ ಹುಡುಗಿ. ಬರೆದುಕೊಂಡದ್ದನ್ನು ಮಾಡದೆ ಬಿಡುವವಳಲ್ಲ. ಮುಂದೆ ಆದ ಅನಾಹುತಕ್ಕೆಲ್ಲ ಈ ಒಳ್ಳೆಯ ಗುಣವೇ ಕಾರಣ.

ಅಡವಯ್ಯನಿಗೆ ಕ್ಯಾಮೆರಾ ಎಂದೊಡನೆ ಹತ್ತು ವರ್ಷ ಕಡಿಮೆಯಾಯಿತು. ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದ. ಕೈ ಹೇಗೆ ಅಡ್ಡ ಹಾಕಬೇಕು, ಎಷ್ಟು ದೂರದಲ್ಲಿ ಹಾಕಬೇಕು, ಹೆಬ್ಬೆರಳು ಎಲ್ಲಿರಬೇಕು ಎಂದು ನಿಂತು ತೋರಿಸಿದ.

"ತೂಬೆತ್ತೋದೂ ಒಂದೇ, ಬಸ್ ನಿಲ್ಸೋದೂ ಒಂದೇ ಕಣವ್ವ ಸುಮ. ಎದ್ರುಕೊಂಡು ಕೈ ಇಟ್ರೆ ಯಾವ್ದೂ ನಿಲ್ಲಾಕಿಲ್ಲ," ಎಂದ.

ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತ ಹಿಂದೆ ನಿಂತಿದ್ದರು. ಮಧುಗಿರಿಯಲ್ಲಿ ಸೊಪ್ಪು ಮಾರುವ ಚಿಕ್ಕಹನುಮಕ್ಕ ಬುಟ್ಟಿ ಇಳಿಸಿ ಮುಂದೆ ಬಂದಳು. ಎಂಥೆಂಥ ಸಂಘದವರನ್ನೋ ಕಂಡು ಪಳಗಿದ್ದವಳು.

"ನಿಂಗೆ ಯಾವ್ ಸಮಸ್ಯೆ ಬೇಕವ್ವ? ನೀರಿಂದೋ, ರೇಷನ್ನಿಂದೋ? ಅಳ್ತಾ ಏಳ್ಬೇಕಾ, ಇಂಗೇ ಏಳ್ಬೇಕಾ?"

"ನಿನ್ನದೇನೂ ಬೇಡಜ್ಜಿ, ನಿಂತಿರು ಸಾಕು," ಎಂದು ನಕ್ಕಳು ಸುಮಯ್ಯ. ಚಿಕ್ಕಹನುಮಕ್ಕನೂ ನಕ್ಕು ಬುಟ್ಟಿ ಎತ್ತಿಕೊಂಡಳು. ಆ ನಗು ಸ್ವಲ್ಪ ಬೇಗ ಮುಗಿಯಿತು ಎಂಬುದು ಸುಮಯ್ಯಳ ಗಮನಕ್ಕೆ ಬರಲಿಲ್ಲ.

ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಅವಳು ಆ ಬಸ್ಸಿನ ಕಂಡಕ್ಟರನ್ನು ಹಿಡಿದಳು. ನರಸಿಂಹರಾಜು ಎಂದು ಹೆಸರು, ಪಾವಗಡದ ಕಡೆಯವನು, ಮಾತಿನ ನಡುನಡುವೆ ತೆಲುಗು ಇಣುಕುತ್ತಿತ್ತು. ಮೊದಲಿಗೆ ಏನೂ ಗೊತ್ತಿಲ್ಲದವನಂತೆ ಟಿಕೆಟ್ ಯಂತ್ರ ಒರೆಸುತ್ತ ಕೂತ. ಆಮೇಲೆ ತಡೆಯಲಾರದೆ ನಕ್ಕುಬಿಟ್ಟ.

"ಏಮಮ್ಮಾ, ಒಂದೂವರೆ ವರ್ಷದಿಂದ ಒಬ್ಬ ಮನುಷ್ಯ ದಿನಾ ಕನ್ನಡಕ ಮರೀತಾನೆ ಅಂದ್ರೆ ನಾನು ನಂಬ್ತೀನಾ? ಆ ತಾತ ಕನ್ನಡಕ ಹಾಕಿದ್ದೇ ನಾನು ನೋಡಿಲ್ಲ. ನಂಗೂ ಗೊತ್ತು, ಡ್ರೈವರಿಗೂ ಗೊತ್ತು. ಪಟ್ಟೀಲಿ ಇಲ್ಲದ ಕಡೆ ಯಾಕೆ ನಿಲ್ಸಿದ್ರಿ ಅಂತ ಒಳಗೆ ಕೂತೋರು ಜಗಳಕ್ಕೆ ಬರ್ತಾರೆ. ಮುಸಲೋಡು, ಆ ಮುದುಕ, ಕೈ ಅಡ್ಡ ಹಾಕಿದ, ಏನ್ ಮಾಡೋದು ಅಂತ ಅವರಿಗೆ ಹೇಳೋಕಾಗುತ್ತೆ. ನನ್ನ ಮುಖ ಮಾತ್ರ ಬೇಡಮ್ಮಾ."

ಸುಮಯ್ಯಳಿಗೆ ಮೈ ಜುಮ್ಮೆಂದಿತು. ಮೋಸಹೋದವರು ಯಾರೂ ಇಲ್ಲದ ಮೋಸ! ಇಂಥ ಕಥೆ ಚಿರತೆಗಾದರೂ ಎಲ್ಲಿ ಸಿಗಬೇಕು. ಕಟ್ಟಳೆಯಂತೆ ಅವನ ಮುಖ ತೋರಿಸಲಿಲ್ಲ. ದನಿಯನ್ನು ಮಾತ್ರ ಇಟ್ಟುಕೊಂಡು, ಅದರ ಮೇಲೆ ಗೇಟಿನಲ್ಲಿ ಬಸ್ಸು ನಿಲ್ಲುವ ದೃಶ್ಯ ಹಾಕಿದಳು.

ಇನ್ನು ಎರಡನೆಯ ಕಟ್ಟಳೆ. ಬಸ್ಸು ನಿಲ್ಲುವುದಿಲ್ಲ ಎಂಬ ದೂರಿಗೆ ಇಲಾಖೆಯ ಮಾತು ಬೇಕಲ್ಲ. ಸಂಬಂಧಪಟ್ಟ ಕಚೇರಿಗೆ ಹೋದಳು. ಅದು ಯಾವ ಕಚೇರಿ, ಸಾಹೇಬರ ಹೆಸರೇನು ಎಂಬುದು ನಮಗೆ ಬೇಡ. ಅವರು ಮರ್ಯಾದೆಯಿಂದ ಕೂರಿಸಿ ಟೀ ತರಿಸಿದರು. ಚಿತ್ರವನ್ನು ಪೂರ್ತಿ ನೋಡಿದರು, ಒಂದು ಕಡೆ ನಿಲ್ಲಿಸಿ ಮತ್ತೊಮ್ಮೆ ನೋಡಿದರು, ಚೀಟಿಯಲ್ಲಿ ಏನೋ ಬರೆದುಕೊಂಡರು. "ಪರಿಶೀಲಿಸ್ತೀವಿ ಅಂತ ಹಾಕ್ಕೊಳಮ್ಮ," ಎಂದರು. ಸುಮಯ್ಯ ಖುಷಿಯಿಂದ ಮನೆಗೆ ಬಂದಳು. ಮುಖವನ್ನೇನೋ ಮುಚ್ಚಿದ್ದಳು, ಆದರೆ ಬಸ್ಸಿನ ನಂಬರು ಎರಡು ಕಡೆ ಸ್ಪಷ್ಟವಾಗಿ ಕಾಣುತ್ತಿತ್ತು.

ಮುಂದಿನ ವಾರದ ಗುರುವಾರ ಅಡವಯ್ಯ ಕೈ ಅಡ್ಡ ಹಾಕಿದ, ಬಸ್ಸು ನಿಲ್ಲಲಿಲ್ಲ. ಅವನು ಇನ್ನೊಂದು ಹೆಜ್ಜೆ ಮುಂದಿಟ್ಟ. ಬಸ್ಸು ಹಾರನ್ ಹೊಡೆದು, ಸ್ವಲ್ಪ ಬಲಕ್ಕೆ ಎಳೆದುಕೊಂಡು ಹೊರಟುಹೋಯಿತು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಬೇರೆ ಯಾರೋ. ಅಡವಯ್ಯ ಅಷ್ಟು ದೂರ ಹಿಂದೆ ಓಡಿ, ನಿಂತು, ಬರಿಗೈಯನ್ನು ತಿರುಗಿಸಿ ನೋಡಿಕೊಂಡ.

"ನನ್ ಕೈ ಕಾಣ್ನಿಲ್ವೇನೋ ಅವ್ನಿಗೆ," ಎಂದು ಎಲ್ಲರಿಗೂ ಹೇಳಿದ. ಶುಕ್ರವಾರವೂ ನಿಲ್ಲಲಿಲ್ಲ. ಶನಿವಾರ ಅವನು ಕೆಂಪು ಟವಲು ತಂದು ಬೀಸಿದ. ಅವತ್ತೂ ನಿಲ್ಲಲಿಲ್ಲ. ಸೋಮವಾರ ಅವನು ಬರಲೇ ಇಲ್ಲ.

ಸುದ್ದಿ ಒಂದೊಂದಾಗಿ ಬಂತು. ನರಸಿಂಹರಾಜುವನ್ನು ಈ ದಾರಿಯಿಂದ ತೆಗೆದು ಪಾವಗಡದ ಹಳ್ಳಿ ಬಸ್ಸಿಗೆ ಹಾಕಿದ್ದರು. ಪಟ್ಟಿಯಲ್ಲಿಲ್ಲದ ಕಡೆ ನಿಲ್ಲಿಸಿದರೆ ಕ್ರಮ ಎಂದು ಉಳಿದವರಿಗೆಲ್ಲ ಚೀಟಿ ಬಂದಿತ್ತು. ಸಾಹೇಬರು ಹೇಳಿದ ಹಾಗೆಯೇ ಪರಿಶೀಲಿಸಿದ್ದರು.

ಹೆಂಗಸರು ಬಡವನಹಳ್ಳಿಯವರೆಗೆ ನಡೆಯತೊಡಗಿದರು. ಆರೂವರೆಗೇ ಮನೆ ಬಿಡಬೇಕು. ಜಮೀಲಾಗೆ ಮಂಡಿನೋವು, ನಾಲ್ಕು ಕಿಲೋಮೀಟರು ಅವಳಿಗೆ ಒಂದೂಕಾಲು ಗಂಟೆ. ಎರಡು ದಿನ ಬಸ್ಸು ಅವಳೆದುರೇ ಹೊರಟುಹೋಯಿತು. ಗಾರ್ಮೆಂಟ್ಸಿನಲ್ಲಿ, ಈ ತಿಂಗಳಲ್ಲಿ ಇನ್ನು ಮೂರು ದಿನ ತಡವಾದರೆ ಬರುವುದೇ ಬೇಡ ಎಂದರು. ಬಿ.ಕಾಂ. ಓದುತ್ತಿದ್ದ ಸುನಿತಾಗೆ ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಕಾಲೇಜಿನಿಂದ ಕಾಗದ ಬಂತು. ಇಷ್ಟೆಲ್ಲ ಯಾರಿಂದ ಆಯಿತೆಂದು ಊರಿಗೆ ಗೊತ್ತಿರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದವಳಿಗೆ ಮಾತ್ರ ಗೊತ್ತಿತ್ತು.

ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ಸಂಜೆ, ತಾಯಿಯ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಾಗ ಸುಮಯ್ಯ ಎಲ್ಲ ಹೇಳಿಬಿಟ್ಟಳು. ಜಮೀಲಾ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

"ಅರೇ, ಚಾಡಿ ಹೇಳಿದಂಗೆ ಆಯ್ತಲ್ಲ ಬೇಟಿ," ಎಂದಳು.

"ಚಾಡಿ ಅಲ್ಲ ಅಮ್ಮಿ. ಅವರ ಮಾತನ್ನೂ ಕೇಳಬೇಕು ಅಂತ..."

"ಕೇಳಿದ್ಯಲ್ಲ. ಹೇಳಿದ್ರು."

ಮರುದಿನ ಸುಮಯ್ಯ ಫೆಲೋಶಿಪ್ಪು ಬಿಡುತ್ತೇನೆಂದು ಮೇಡಂ ಎದುರು ನಿಂತಳು. ಯಶೋಧರಾ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಲಾಖೆಯ ಮಾತು ಕೇಳು ಅಂದೆ. ಚಿತ್ರ ತೋರಿಸು ಅನ್ನಲಿಲ್ಲ. ತೋರಿಸಬೇಡ ಅಂತಲೂ ಹೇಳಲಿಲ್ಲ, ಅದು ನನ್ನ ತಪ್ಪು," ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಬಿಡೋದಾದರೆ ಬಿಡು. ಮೊದಲು ಆ ಕಂಡಕ್ಟರನ್ನ ನೋಡಿ ಬಾ," ಎಂದರು. ದನಿ ಎಂದಿನಂತೆಯೇ ಇತ್ತು.

ಪಾವಗಡಕ್ಕೆ ಹೋಗುವ ದಾರಿಯುದ್ದಕ್ಕೂ ಅವಳು ಏನು ಹೇಳಬೇಕೆಂದು ಕಟ್ಟಿಕೊಂಡಳು. ಸೋಲಾರ್ ಫಲಕಗಳು ಮೈಲಿಗಟ್ಟಲೆ ಬಿಸಿಲಿಗೆ ಮುಖ ಕೊಟ್ಟು ಮಲಗಿದ್ದವು. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಮುಂದೆ ನರಸಿಂಹರಾಜು ಸಿಕ್ಕಿದ. ಅವಳನ್ನು ಕಂಡೊಡನೆ ಗುರುತು ಹಿಡಿದ. ಕಟ್ಟಿಕೊಂಡು ಬಂದ ಮಾತೆಲ್ಲ ಮರೆತು ಸುಮಯ್ಯ ಅಳತೊಡಗಿದಳು.

"ಸರ್ಲೇಮ್ಮಾ, ಸಾಕು, ಜನ ನೋಡ್ತಾರೆ," ಎಂದು ಅವನು ಟೀ ಹೇಳಿದ. "ಸಿಟ್ಟು ಬಂತು, ಇಲ್ಲ ಅನ್ನಲ್ಲ. ಮಧುಗಿರೀಲಿ ಮಕ್ಕಳ ಸ್ಕೂಲು, ಮನೆ. ಈಗ ವಾರಕ್ಕೊಂದು ಸಲ ಹೋಗಿ ಬರ್ತೀನಿ. ನೀನು ಬಂದು ಕೇಳಿದೆ ಅಂತ ಅದು ಸರಿ ಹೋಗಲ್ಲ."

"ಏನು ಮಾಡ್ಲಿ ಅಣ್ಣ?"

ಅವನು ಟೀ ಮುಗಿಸಿ ಲೋಟ ಕೆಳಗಿಟ್ಟ. "ಚೂಡಮ್ಮಾ, ಇವತ್ತಲ್ಲ ನಾಳೆ ನನಗೆ ವರ್ಗ ಆಗೋದೇ. ತಾತ ಸಾಯೋನೇ. ಆಗ ನಿಮ್ಮೂರೋರು ಏನು ಮಾಡ್ತಿದ್ರು? ನಾನೂ ತಾತನೂ ಸೇರಿ ಆಟ ಆಡ್ತಿದ್ವಿ, ಹೆಂಗಸರು ಹತ್ತುತಿದ್ರು. ನಿಮ್ಮ ಗೇಟನ್ನ ಪಟ್ಟಿಗೆ ಸೇರಿಸ್ರಪ್ಪಾ ಅಂತ ಯಾರಾದ್ರೂ ಒಂದು ಅರ್ಜಿ ಕೊಟ್ಟಿದ್ರಾ? ಇಲ್ಲ. ಅದನ್ನ ಮಾಡು ಹೋಗು." ಬಸ್ಸು ಹೊರಡುವ ಹೊತ್ತಾಗಿತ್ತು. ಸೀಟಿ ಬಾಯಿಗಿಟ್ಟುಕೊಂಡು ಹೋಗಿಬಿಟ್ಟ.

ಭಾನುವಾರ ಮಧ್ಯಾಹ್ನ ಸುಮಯ್ಯ ಹುಣಸೆ ಮರದ ಕೆಳಗೆ ಹೆಂಗಸರನ್ನೆಲ್ಲ ಕೂಡಿಸಿ, ತಾನು ಮಾಡಿದ್ದನ್ನು ಒಪ್ಪಿಕೊಂಡಳು. ಬೈಗುಳ ಬೀಳಬೇಕಾದಷ್ಟು ಬಿತ್ತು. ಸುನಿತಾ ಮುಖ ತಿರುಗಿಸಿದಳು. ಕೊನೆಗೆ ಚಿಕ್ಕಹನುಮಕ್ಕ, "ಏನ್ ತೆಗ್ದಿದ್ದೀಯೋ ಅದನ್ನಾದ್ರೂ ತೋರ್ಸು. ಇಷ್ಟು ನಡ್ಸಿದ್ದೀಯ, ಯಾಕೆ ನಡುದ್ವಿ ಅಂತ ನೋಡಾನ," ಎಂದಳು.

ಹತ್ತು ತಲೆಗಳು ಒಂದು ಫೋನಿನ ಮೇಲೆ ಬಾಗಿದವು. ಅಡವಯ್ಯ ಮೀಸೆ ತಿರುವಿದ್ದಕ್ಕೆ ನಕ್ಕರು, ಕಂಡಕ್ಟರನ ಮಾತಿಗೆ ಇನ್ನೂ ನಕ್ಕರು. ಎಂಟು ನಿಮಿಷ ಮುಗಿಯಿತು. ಚಿಕ್ಕಹನುಮಕ್ಕ ಫೋನನ್ನು ಸುಮಯ್ಯಳ ಕೈಗೆ ಕೊಟ್ಟಳು.

"ಅಡವಣ್ಣ ಮಾತಾಡವ್ನೆ. ಕಂಡಕ್ಟ್ರು ಮಾತಾಡವ್ನೆ. ಸಾಯೇಬ ಮಾತಾಡವ್ನೆ. ನಾವ್ ಹತ್ ಜನ ಇಂದೆ ನಿಂತ್ಕಂಡು ಅಲ್ ಕಿಸೀತಾ ಇದ್ದೀವಿ. ನಿನ್ ಕ್ಯಾಮ್ರಾನೂ ಗಂಡ್ಸು ಕೈ ಹಾಕುದ್ರೇ ನಿಲ್ಲಾದೇನವ್ವಾ?"

ಸುಮಯ್ಯಳ ಕಿವಿ ಬಿಸಿಯಾಯಿತು. ಇಲ್ಲಿ ನಿಂತಿದ್ದು ಇವರು, ಬಸ್ಸು ತಪ್ಪಿದ್ದು ಇವರಿಗೆ. ಅವಳ ಹೆತ್ತ ತಾಯಿಯೇ ಆ ಸಾಲಿನಲ್ಲಿದ್ದಳು. ಅವಳನ್ನೂ ಒಂದು ಮಾತು ಕೇಳಿರಲಿಲ್ಲ. ನಾಚಿಕೆಯಲ್ಲಿ ನೆಲ ನೋಡುತ್ತ ಕೂತವಳು, ಆಮೇಲೆ ಮೆಲ್ಲಗೆ, "ಈಗ ಕೇಳಿದ್ರೆ ಹೇಳ್ತೀರಾ?" ಎಂದಳು.

"ಅಳ್ದೆ ಏಳ್ತೀನಿ," ಎಂದು ಚಿಕ್ಕಹನುಮಕ್ಕ ಕಲ್ಲುಚಪ್ಪಡಿಯ ಮೇಲೆ ಸರಿಯಾಗಿ ಕೂತಳು.

ಅವಳು ಹೇಳಿದಳು. ಸುನಿತಾ ಮೊದಲು ಆಗುವುದಿಲ್ಲವೆಂದು ಆಮೇಲೆ ಎಲ್ಲರಿಗಿಂತ ಹೆಚ್ಚು ಮಾತಾಡಿದಳು. ಸುಮಯ್ಯ ತನಗೆ ಗೊತ್ತೆಂದುಕೊಂಡಿದ್ದ ಊರು ಬೇರೆ, ಇವರು ಹೇಳಿದ ಊರು ಬೇರೆ. ಕೊನೆಗೆ ಜಮೀಲಾ ಫೋನಿನ ಕಡೆ ನೋಡದೆ, ರಸ್ತೆಯ ಕಡೆ ನೋಡುತ್ತ ಮಾತಾಡಿದಳು.

"ಬಸ್ಸು ನಿಲ್ಲಿಲ್ಲ ಅಂದ್ರೆ ಮುಂಚೆಲ್ಲ ನಾನು ಮನೆಗೆ ವಾಪಸ್ ಹೋಗ್ತಿರಲಿಲ್ಲ. ಇಲ್ಲೇ ಮರದ ಹಿಂದೆ ಕೂತಿರ್ತಿದ್ದೆ, ಒಂಬತ್ತೂವರೆ ಬಸ್ಸು ಬರೋ ತನಕ. ಮನೆಗೆ ಹೋದ್ರೆ ಬೀದಿಯೋರು ಯಾಕೆ ಬಂದೆ ಅಂತ ಕೇಳ್ತಾರೆ. ಬಸ್ಸು ನಿಲ್ಲಿಲ್ಲ ಅಂದ್ರೆ ನಗ್ತಾರೆ. ನಿಲ್ಲದೆ ಹೋಗೋಕೆ ನಾವೇನು ಮರಾನಾ ಅಂತ ಅನ್ಸೋದು. ಅಷ್ಟೇ."

ಸುಮಯ್ಯ ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತಳು. ಶಾಲೆಯಿಂದ ಬಂದು "ಅಮ್ಮಿ ಕೆಲಸಕ್ಕೆ ಹೋಗಿದ್ದಾಳೆ" ಎಂದುಕೊಂಡು ಆಡಿದ ದಿನಗಳಲ್ಲಿ ಎಷ್ಟು ದಿನ ಬೆಳಗ್ಗೆ ಅಮ್ಮಿ ಈ ಮರದ ಹಿಂದೆ ಕೂತಿದ್ದಳೋ.

ಅವತ್ತೇ ಅರ್ಜಿಯೂ ಬರೆದಾಯಿತು. ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ಎಂದು ಆ ಬಸ್ಸು ಬೇಕಾದ ಊರ ಹೆಂಗಸರೆಲ್ಲರ ಸಹಿ, ಹೆಬ್ಬೆಟ್ಟು ಬಿದ್ದವು. ಸುದ್ದಿ ತಿಳಿದು ಬಂದ ಅಡವಯ್ಯ ಮೊದಲ ಸಾಲಿಗೆ ಪೆನ್ನು ಇಡಲು ಹೋದ. ಚಿಕ್ಕಹನುಮಕ್ಕ ಕಾಗದ ಎಳೆದುಕೊಂಡು, "ನೀನ್ ಕೊನೀಗೆ ಕಣಣ್ಣ," ಎಂದಳು. ಅವನಿಗೆ ಸ್ವಲ್ಪ ಚುರುಕ್ಕೆಂದಿತು. ಆದರೂ ಕೊನೆಯಲ್ಲಿ ಸಹಿ ಮಾಡಿದ.

ಆರು ತಿಂಗಳ ಕೊನೆಯ ಪ್ರದರ್ಶನ ಮುಂದಿನ ವಾರವೇ ಮಧುಗಿರಿಯ ಅದೇ ಊಟದ ಮನೆಯಲ್ಲಿ ನಡೆಯಿತು. ಅಂಬರೀಶನಿಗೆ ಚಿರತೆ ಸಿಕ್ಕಿರಲಿಲ್ಲ, ಅದು ತಿಂದ ಮೇಕೆಯ ಯಜಮಾನಿ ಸಿಕ್ಕಿದ್ದಳು. ಸುಮಯ್ಯಳ ಹೊಸ ಚಿತ್ರದಲ್ಲಿ ಅಡವಯ್ಯನ ಪಾಲು ಒಂದು ನಿಮಿಷಕ್ಕಿಳಿದಿತ್ತು. ಕಂಡಕ್ಟರನ ದನಿ, ಬಸ್ಸಿನ ನಂಬರು ಯಾವುದೂ ಇರಲಿಲ್ಲ. ಮೇಡಂ ಕರೆಸಿದ್ದರಿಂದ ಕಚೇರಿಯ ಸಾಹೇಬರೂ ಮುಂದಿನ ಸಾಲಿನಲ್ಲಿದ್ದರು. ಪರದೆಯ ಮೇಲೆ ಚಿಕ್ಕಹನುಮಕ್ಕನ ಮಾತು ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನಿಂದ ನಿಜವಾದ ಚಿಕ್ಕಹನುಮಕ್ಕನೇ ಬಂದು ಅರ್ಜಿಯನ್ನು ಅವರ ಮಡಿಲಲ್ಲಿಟ್ಟಳು. ಸಾಹೇಬರು ಕೆಟ್ಟವರೇನಲ್ಲ, ಪಟ್ಟಿಯ ಮನುಷ್ಯ. ಪಟ್ಟಿಯಲ್ಲಿ ಇಲ್ಲದ್ದು ಅವರಿಗೆ ಕಾಣುವುದಿಲ್ಲ, ಇದ್ದರೆ ಬಿಡುವುದಿಲ್ಲ. ಅರ್ಜಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಮಡಿಸಿ ಜೇಬಿಗಿಟ್ಟುಕೊಂಡರು.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ಅಲ್ಲಿಯವರೆಗೆ ಜಮೀಲಾ ಆರಕ್ಕೇ ಮನೆ ಬಿಟ್ಟು ಕೆಲಸ ಉಳಿಸಿಕೊಂಡಿದ್ದಳು. ಜಾಲಿಪಾಳ್ಯ ಗೇಟು ಕೋರಿಕೆ ನಿಲುಗಡೆ, ಪ್ರಯಾಣಿಕರು ಕೈ ತೋರಿಸಿದಲ್ಲಿ ನಿಲ್ಲಿಸತಕ್ಕದ್ದು, ಸದ್ಯಕ್ಕೆ ಒಂದು ತಿಂಗಳು, ಆಮೇಲೆ ಹತ್ತುವವರನ್ನು ನೋಡಿ ಖಾಯಂ. ನರಸಿಂಹರಾಜು ವಾಪಸು ಬರುತ್ತಾನೆಂದು ಅದರಲ್ಲಿ ಇರಲಿಲ್ಲ. ಸುಮಯ್ಯ ಅವನಿಗೆ ಫೋನು ಮಾಡಿ ಕಾಗದ ಓದಿದಳು. "ಮಂಚಿದಿ, ಒಳ್ಳೇದು," ಎಂದಷ್ಟೇ ಹೇಳಿ ಇಟ್ಟ. ಆ ಸಂಕಟ ಅವಳಲ್ಲಿ ಹಾಗೇ ಉಳಿಯಿತು, ಉಳಿಯಬೇಕಾದದ್ದೇ.

ಸೋಮವಾರ ಬೆಳಗ್ಗೆ ಹತ್ತೂ ಜನ ಏಳೂಕಾಲಿಗೇ ಗೇಟಿಗೆ ಬಂದರು. ಸುನಿತಾ ಹೂ ಮುಡಿದಿದ್ದಳು. ಅಡವಯ್ಯನೂ ಬಂದ, ಆದರೆ ಮುಂದೆ ಬರದೆ ಹುಣಸೆ ಮರದ ಹಿಂದೆ ನಿಂತ. ಸುಮಯ್ಯ ರಸ್ತೆಯ ಆಚೆ ಬದಿಯಲ್ಲಿ ಫೋನು ಹಿಡಿದು ನಿಂತಿದ್ದಳು.

ಏಳೂ ನಲವತ್ತೆರಡಕ್ಕೆ ಬಸ್ಸು ಏರು ಹತ್ತಿ ಕಾಣಿಸಿತು. ಹತ್ತು ಜನರೂ ಬುಟ್ಟಿ, ಚೀಲ, ಡಬ್ಬಿ ಎತ್ತಿಕೊಂಡು ಸಾಲಾಗಿ ನಿಂತರು. ಬಸ್ಸು ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಒಬ್ಬರೂ ಕೈ ಎತ್ತಲಿಲ್ಲ. ಒಂದೂವರೆ ವರ್ಷ ಕೈ ಎತ್ತುವ ಕೆಲಸ ಇನ್ನೊಬ್ಬನದಾಗಿತ್ತು. ಅಭ್ಯಾಸಬಲ, ಬಸ್ಸು ಬಂದರೆ ಗಂಟು ಎತ್ತಿಕೊಂಡು ನಿಲ್ಲುವುದಷ್ಟೇ ಅವರಿಗೆ ಗೊತ್ತಿದ್ದದ್ದು. ಸುನಿತಾ ಚಿಕ್ಕಹನುಮಕ್ಕನ ಮುಖ ನೋಡಿದಳು, ಚಿಕ್ಕಹನುಮಕ್ಕ ಪಕ್ಕದವಳ ಮುಖ ನೋಡಿದಳು. ಡ್ರೈವರ್ ವೇಗ ತಗ್ಗಿಸಿದ, ಯಾರೂ ಕೋರದ್ದನ್ನು ಕಂಡು ಮತ್ತೆ ಏರಿಸಿದ. ಸುಮಯ್ಯ ಫೋನು ಹಿಡಿದೇ ರಸ್ತೆಯ ಅಂಚಿಗೆ ಬಂದಳು. ಈಗ ಬಸ್ಸು ಹೋದರೆ, ಮೊದಲ ದಿನವೇ ಹೋದರೆ, ಹತ್ತುವವರೇ ಇಲ್ಲವೆಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತಾರೆ. ಮರದ ಹಿಂದೆ ಅಡವಯ್ಯ ಎರಡೂ ಕೈಯನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡು ಕಣ್ಣು ಮುಚ್ಚಿಬಿಟ್ಟಿದ್ದ.

ಸಾಲಿನಿಂದ ಜಮೀಲಾ ಹೊರಗೆ ಬಂದಳು. ಹದಿನೇಳು ವರ್ಷ ಆ ರಸ್ತೆಯಲ್ಲಿ ನಿಂತವಳು, ಯಾರಾದರೂ ನಿಲ್ಲಿಸಿದ ಬಸ್ಸು ಹತ್ತಿದ್ದಳೇ ಹೊರತು ತಾನಾಗಿ ಒಂದಕ್ಕೂ ಕೈ ಎತ್ತಿದವಳಲ್ಲ. ನೋಯುವ ಮಂಡಿಯಲ್ಲೇ ಎರಡು ಹೆಜ್ಜೆ ಇಟ್ಟು, ಬುರ್ಖಾದ ತೋಳು ಮೊಣಕೈಗೆ ಜಾರುವಂತೆ ಕೈ ಎತ್ತಿದಳು. ಎತ್ತಿದ್ದು ಸಾಲದೆ ಕೂಗಿದಳು.

"ಏಯ್! ನಿಲ್ಸು! ಜನ ಇದ್ದೀವಿ ಇಲ್ಲಿ!"

ಬಸ್ಸು ಇಪ್ಪತ್ತು ಮಾರು ಮುಂದೆ ಹೋಗಿ, ಧೂಳೆಬ್ಬಿಸಿ ನಿಂತಿತು. ಹೆಂಗಸರು ಓಡಿದರು. "ಮೊದ್ಲೇ ಕೈ ತೋರ್ಸೋಕೇನ್ರಮ್ಮಾ ನಿಮ್ಗೆ?" ಎಂದು ಕಂಡಕ್ಟರ್ ಗೊಣಗಿದ. ಅವನಿಗೆ ಯಾರೂ ಕಾರಣ ಹೇಳುತ್ತ ಕೂರಲಿಲ್ಲ. ಕೊನೆಗೆ ಹತ್ತಿದ್ದು ಜಮೀಲಾ. ಮೆಟ್ಟಿಲ ಮೇಲಿಂದ ಒಮ್ಮೆ ಮಗಳ ಕಡೆ ನೋಡಿದಳು. ಬಸ್ಸು ಹೋಯಿತು.

ಸುಮಯ್ಯ ರಸ್ತೆ ದಾಟಿ ಬಂದು ಕಲ್ಲುಚಪ್ಪಡಿಯ ಮೇಲೆ ಕೂತಳು. ಅಡವಯ್ಯ ಮರದ ಹಿಂದಿನಿಂದ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ತೆಗ್ದಾ?" ಎಂದ.

ಅವಳು ಫೋನು ಅವನ ಕಣ್ಣಿನ ಹತ್ತಿರ ಹಿಡಿದಳು. ಅವನು ಪೂರ್ತಿ ನೋಡಿದ.

"ನಾನು ಎಲ್ಲೂ ಕಾಣಾಕಿಲ್ವಲ್ಲವ್ವ."

"ನೀನು ಮರದ ಹಿಂದೆ ಇದ್ದೆ ತಾತ."

"ಊಂ." ಅಡವಯ್ಯ ಟವಲಿನಿಂದ ಮೂಗು ಒರೆಸಿಕೊಂಡ. ಆಮೇಲೆ ಸರಿದು ಅವಳಿಗೆ ಇನ್ನಷ್ಟು ಹತ್ತಿರ ಕೂತ.

"ಇನ್ನೊಂದ್ ಕಿತ ಆಕು. ಪೂರಾ ಬ್ಯಾಡ. ಜಮೀಲಮ್ಮ ಕೈ ಎತ್ತಿದ್ದಷ್ಟೇ ಆಕು."